ರಂಗೋಲಿಯಲ್ಲಿ ಹರಿದ ಹಳ್ಳ

ರಂಗೋಲಿ ಪುಡಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಷ್ಟು ಹಿಡಿಯಬೇಕು ಎಂಬುದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದನ್ನು ನಾನು ನೋಡಿಲ್ಲ. ಹೆಚ್ಚು ಹಿಡಿದರೆ ಹಸುವಿನ ಬಾಲದಂತೆ ಎಳೆ ದಪ್ಪವಾಗಿ ಬೀಳುತ್ತದೆ, ಕಡಿಮೆ ಹಿಡಿದರೆ ನಡುನಡುವೆ ಕಡಿದುಹೋಗುತ್ತದೆ. ಆದರೂ ಒಂದು ದಿನ ಆ ಅಳತೆ ಬೆರಳಿಗೆ ತಾನಾಗಿ ಬಂದುಬಿಡುತ್ತದೆ, ಬಂದ ಮೇಲೆ ಸಾಯುವ ತನಕ ಹೋಗುವುದಿಲ್ಲ. ನನ್ನ ತಾಯಿ ಈ ವಿಷಯದಲ್ಲಿ ನನಗೆ ಹೇಳಿಕೊಟ್ಟಿದ್ದು ಎರಡೇ ಎರಡು ಮಾತು. ಎಳೆಯನ್ನು ಬಾಯಿ ಬಿಟ್ಟ ಹಾಗೆ ನಿಲ್ಲಿಸಬಾರದು, ಎಲ್ಲಿಂದ ಹೊರಟರೂ ತಂದು ಎಲ್ಲಾದರೂ ಕೂಡಿಸಬೇಕು, ಇಲ್ಲದಿದ್ದರೆ ಮನೆಯ ಲಕ್ಷ್ಮಿ ಆ ಸಂದಿಯಿಂದ ಎದ್ದು ಹೋಗುತ್ತಾಳೆ ಎಂಬುದು ಒಂದು. ಇನ್ನೊಬ್ಬರು ಹಾಕಿದ ರಂಗೋಲಿಯನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ಅಳಿಸಬಾರದು, ಸುತ್ತಿಕೊಂಡು ಹೋಗಬೇಕು ಎಂಬುದು ಇನ್ನೊಂದು. ಯಾರಿಗೂ ತೊಂದರೆ ಕೊಡದ ಈ ಎರಡು ಮಾತುಗಳು ಒಂದಕ್ಕೊಂದು ಸೇರಿಕೊಂಡು ಒಂದು ಪಾಳ್ಯದ ಬಾವಿಯನ್ನೇ ಬತ್ತಿಸುವ ಮಟ್ಟಕ್ಕೆ ಹೋದವು ಎಂದರೆ ನೀವು ನಂಬಲಿಕ್ಕಿಲ್ಲ. ನನಗೇ ಇನ್ನೂ ಸರಿಯಾಗಿ ನಂಬಿಕೆ ಬಂದಿಲ್ಲ. ನಿಮ್ಮ ಮುಂದೆ ಬಿಡಿಸಿಟ್ಟರೆ ನನಗಾದರೂ ಅರ್ಥವಾದೀತೇನೋ ಎಂದು ಬರೆಯಲು ಕೂತಿದ್ದೇನೆ.

ಮೊದಲು ನಮ್ಮ ನೀರಿನ ದಾರಿಯನ್ನು ಹೇಳಿಬಿಡುತ್ತೇನೆ. ನಮ್ಮ ಊರು ಮಾಗಡಿಯಿಂದ ಸೋಲೂರಿಗೆ ಹೋಗುವಾಗ ನಡುದಾರಿಯಲ್ಲಿ ಬಸ್ಸಿಳಿದು ಒಂದು ಮೈಲಿ ಒಳಗೆ ನಡೆದರೆ ಸಿಗುತ್ತದೆ. ಎಲ್ಲಕ್ಕಿಂತ ಮೇಲೆ ಬಂಡೆಗಳ ದಿಣ್ಣೆ, ದಿಣ್ಣೆಯ ಬುಡದಲ್ಲಿ ಹದಿನೈದಿಪ್ಪತ್ತು ಮನೆಗಳ ಮೇಲಿನ ಪಾಳ್ಯ, ಪಾಳ್ಯದ ಕೆಳಗೆ ನಮ್ಮ ಕುಟುಂಬದ ಹೊಲ, ಹೊಲದ ಕೆಳಗೆ ಊರು, ಊರಿನ ಕೆಳಗೆ ಕೆರೆ. ಮಳೆ ಬಂದಾಗ ದಿಣ್ಣೆಯಿಂದ ಹಳ್ಳವೊಂದು ಇಳಿಯುತ್ತದೆ. ಪಾಳ್ಯದವರೆಗೆ ಬಹಳ ಗತ್ತಿನಿಂದ ಸದ್ದು ಮಾಡಿಕೊಂಡು ಬರುವ ಅದು, ಪಾಳ್ಯದ ಪಕ್ಕದ ಮರಳಿನ ತಗ್ಗು ಸಿಕ್ಕಿದ ಕೂಡಲೇ ಅಲ್ಲೇ ಇಂಗಿಹೋಗುತ್ತದೆ. ಮನೆ ಸೇರುವ ಮುಂಚೆ ದಾರಿಯಲ್ಲೇ ಬಿದ್ದುಬಿಡುತ್ತದೆ ಎಂದು ಊರಿನ ಹಿರಿಯರು ಅದಕ್ಕೆ ಕುಡುಕನಹಳ್ಳ ಎಂದು ಹೆಸರಿಟ್ಟಿದ್ದಾರೆ. ತಗ್ಗಿನಿಂದ ಮುಂದೆ, ನಮ್ಮ ಹೊಲದ ಅಂಚಿನಲ್ಲಿ ಹಾದು ಕೆರೆಯವರೆಗೆ, ಹಳೆಯ ಹಳ್ಳದ ಗುರುತೊಂದು ಇದೆ. ಯಾವ ಕಾಲದಲ್ಲಿ ಹರಿದಿತ್ತೋ, ನಾನು ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಅದರಲ್ಲಿ ಲಂಟಾನ ಬೆಳೆದದ್ದು ಬಿಟ್ಟರೆ ಒಂದು ಹನಿ ನೀರು ಹರಿದದ್ದು ಕಂಡಿಲ್ಲ. ಹಾಗೆಂದು ಬಿದ್ದ ನೀರು ಹಾಳಾಗುವುದಿಲ್ಲ. ಮರಳಿನೊಳಗೆ ಇಳಿದು ಪಾಳ್ಯದ ಸೇದುವ ಬಾವಿಯನ್ನು ಸೇರುತ್ತದೆ, ಪಾಳ್ಯದ ಮನುಷ್ಯರೂ ಹಸುಗಳೂ ಬೇಸಿಗೆಯನ್ನು ದಾಟುವುದು ಆ ಬಾವಿಯ ದೆಸೆಯಿಂದಲೇ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ನನ್ನ ವಿಷಯಕ್ಕೆ ಬಂದರೆ, ನಾನು ಶಾಲೆಯ ಟೀಚರು. ಸುತ್ತಲಿನ ಎರಡು ಮೂರು ಶಾಲೆಗಳನ್ನು ಸುತ್ತಿ ಈಗ ನಮ್ಮೂರಿನ ಪ್ರಾಥಮಿಕ ಶಾಲೆಗೇ ಬಂದಿದ್ದೇನೆ, ಊರಿನವರೆಲ್ಲರ ಬಾಯಲ್ಲಿ ಟೀಚರಮ್ಮ. ಮಕ್ಕಳ ಪುಸ್ತಕದಲ್ಲಿ ಬಾಯಿ ಬಿಟ್ಟ ಸೊನ್ನೆ ಕಂಡರೆ ಕೆಂಪು ಶಾಯಿಯಿಂದ ಅದರ ಬಾಯಿ ಮುಚ್ಚಿಸಿಯೇ ಮುಂದೆ ಹೋಗುವ ಸ್ವಭಾವ ನನ್ನದು. ರಂಗೋಲಿಯ ವಿಷಯದಲ್ಲಂತೂ ನನಗೆ ಸ್ವಲ್ಪ ಜಂಬವೇ ಇದೆ ಎಂದು ಒಪ್ಪಿಕೊಂಡುಬಿಡುತ್ತೇನೆ. ಊರಿನಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದರೆ ಹಿಂದಿನ ದಿನವೇ ಕರೆ ಬರುತ್ತದೆ, ನಾನೂ ಬಿಡುವಿಲ್ಲ ಎಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಹೊರಡುತ್ತೇನೆ. ಹೀಗಾಗಿ ಸರ್ಕಾರದ ಜಲಾನಯನ ಯೋಜನೆ ನಮ್ಮೂರಿಗೆ ಬಂದು, ಸಮಿತಿಯೊಂದನ್ನು ಮಾಡಿ, ನನ್ನ ಗಂಡನ ಅಣ್ಣನನ್ನು ಅದರ ಅಧ್ಯಕ್ಷರನ್ನಾಗಿಯೂ ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಸದಸ್ಯೆಯನ್ನಾಗಿಯೂ ಕೂರಿಸಿದಾಗ, ಊರಿನ ನಕ್ಷೆಯನ್ನು ಜನರೇ ಸೇರಿ ನೆಲದ ಮೇಲೆ ರಂಗೋಲಿಯಲ್ಲಿ ಬಿಡಿಸಬೇಕಂತೆ ಎಂದು ತಿಳಿದಾಗ, ಎಲ್ಲರ ಕಣ್ಣೂ ನನ್ನ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಎರಡು ಸಲ ಬಿಡುವಿಲ್ಲ ಎಂದೆ.

ನಕ್ಷೆ ಬಿಡಿಸುವ ದಿನ ನಡೆಸಿಕೊಡಲು ಬಂದವಳು ಶಬಾನಾ. ಚನ್ನಪಟ್ಟಣದವಳು, ಬೊಂಬೆ ಮಾಡುವವರ ಮನೆಯ ಹುಡುಗಿ, ಊರೂರು ತಿರುಗಿ ಜನರನ್ನು ಸೇರಿಸಿ ಇಂಥ ಕೆಲಸ ಮಾಡಿಸುವುದೇ ಅವಳ ನೌಕರಿ. ಬಣ್ಣದ ಪುಡಿಗಳನ್ನು ಅವಳು ಪೊಟ್ಟಣ ಬಿಚ್ಚಿ ಸಾಲಾಗಿ ಇಡುವ ರೀತಿಯಲ್ಲೇ ಮನೆಯ ಕಸುಬು ಕಾಣುತ್ತಿತ್ತು. ಶಾಲೆಯ ಅಂಗಳವನ್ನು ಸಾರಿಸಿ ಇಟ್ಟಿದ್ದೆವು. ಊರಿನವರು ಒಂದು ಪಕ್ಕ, ಪಾಳ್ಯದವರು ಒಂದು ಪಕ್ಕ, ಗಂಡಸರು ಕಟ್ಟೆಯ ಮೇಲೆ. ಮೊದಲು ಅವಳು ದಿಣ್ಣೆಯನ್ನು ತೋರಿಸಿ, ಇದರ ಈ ಪಕ್ಕಕ್ಕೆ ಬಿದ್ದ ಮಳೆ ಅರ್ಕಾವತಿಯ ಕಡೆಗೂ ಆ ಪಕ್ಕಕ್ಕೆ ಬಿದ್ದದ್ದು ಶಿಂಷೆಯ ಕಡೆಗೂ ಹೋಗುತ್ತದೆ, ಕೊನೆಗೆ ಎರಡೂ ಕಾವೇರಿಗೇ ಎಂದು ವಿವರಿಸಿದಳು. ಅಷ್ಟು ವರ್ಷ ಕಣ್ಣೆದುರಿಗೇ ಇದ್ದ ದಿಣ್ಣೆ ಇಂಥ ದೊಡ್ಡ ಪಾಲುದಾರಿಕೆಯ ಕೆಲಸ ಮಾಡುತ್ತಿದೆ ಎಂದು ನನಗೆ ಅಂದೇ ಗೊತ್ತಾಗಿದ್ದು. ಒಂದೇ ಮೋಡದಿಂದ ಹೊರಟ ಎರಡು ಹನಿ, ಒಂದು ಗೇಣು ಆಚೀಚೆ ಬಿದ್ದ ತಪ್ಪಿಗೆ, ಒಂದು ಕನಕಪುರವನ್ನು ಹಾದು ಒಂದು ಮದ್ದೂರನ್ನು ಹಾದು ಮತ್ತೆ ಸೇರುವ ಹೊತ್ತಿಗೆ ಒಂದನ್ನೊಂದು ಗುರುತು ಹಿಡಿಯುತ್ತವೆಯೇ ಎಂದು ಯೋಚಿಸುತ್ತ ಕೂತವಳನ್ನು ಶಬಾನಾಳೇ ಎಬ್ಬಿಸಬೇಕಾಯಿತು.

"ಒಬ್ಬರು ಎಳೀರಿ, ಉಳಿದವರು ನೋಡ್ತಾ ಇರಿ," ಎಂದಳು ಎಲ್ಲರಿಗೂ. "ಗೆರೆ ತಪ್ಪಿದ್ರೆ ಯಾರು ಬೇಕಾದ್ರೂ ಬಂದು ಅಳಿಸಿ ಸರಿ ಮಾಡಬಹುದು. ಇದು ಎಲ್ಲರ ನಕ್ಷೆ."

ಬಿಳಿಯಲ್ಲಿ ಮನೆಗಳು, ಕೆಂಪಿನಲ್ಲಿ ದಾರಿಗಳು, ಹಸಿರಿನಲ್ಲಿ ಹೊಲಗಳು ಬಂದವು. ನನ್ನ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದವರು ಪಾಳ್ಯದ ಪುಟ್ಟತಾಯಮ್ಮ. ಮೂರು ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ, ನನಗಿಂತ ಹತ್ತು ವರ್ಷಕ್ಕೆ ಹಿರಿಯರಾದ ಹೆಂಗಸು. ಯಾವ ಬಂಡೆಯ ಪಕ್ಕ ಯಾವ ಮರ, ಯಾವ ಮರದ ಕೆಳಗೆ ಯಾರ ಬದು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಕೊನೆಗೆ ನೀಲಿ ಪುಡಿ ನನ್ನ ಕೈಗೆ ಬಂತು. ಕೆಳಗೆ ಕೆರೆಯನ್ನೂ ಮೇಲೆ ಪಾಳ್ಯದ ಬಾವಿಗೊಂದು ಚುಕ್ಕೆಯನ್ನೂ ಇಟ್ಟೆ, ದಿಣ್ಣೆಯಿಂದ ಹಳ್ಳವನ್ನು ಇಳಿಸಿದೆ, ಎರಡು ಕಡೆ ಚೆಂದಕ್ಕೆ ಬಳುಕಿಸಿದೆ, ಪಾಳ್ಯದ ಪಕ್ಕಕ್ಕೆ ತಂದೆ, ಮರಳಿನ ತಗ್ಗಿಗೆ ಬಂದೆ. ಅಲ್ಲಿ ಬೆರಳು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಒಂದು ತಡೆಯೂ ಇಲ್ಲದೆ, ನಮ್ಮ ಹೊಲದ ಅಂಚನ್ನು ಸವರಿಕೊಂಡು, ಕೆಳಗಿನ ಕೆರೆಯ ನೀಲಿಗೆ ಹೋಗಿ ಕೂಡಿಕೊಂಡಿತು. ನಕ್ಷೆ ಬಹಳ ಲಕ್ಷಣವಾಗಿತ್ತು. ಅಂಗಳದಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ, ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ. ಶಬಾನಾ ಎಲ್ಲರಿಗೂ ಒಪ್ಪಿಗೆಯೇ ಎಂದು ಮೂರು ಸಲ ಕೇಳಿದಳು, ಎಲ್ಲರೂ ತಲೆಯಾಡಿಸಿದರು, ಅವಳು ಕುರ್ಚಿ ಹತ್ತಿ ಫೋಟೋ ತೆಗೆದುಕೊಂಡಳು, ಅದನ್ನೇ ದೊಡ್ಡ ಹಾಳೆಗೆ ಇಳಿಸಿದೆವು, ಹಾಳೆಯ ಕೆಳಗೆ ರುಜುಗಳೂ ಹೆಬ್ಬೆಟ್ಟುಗಳೂ ಬಿದ್ದವು.

ನೀವು ಕೇಳಬಹುದು, ನೆಲದ ಮೇಲೆ ಒಂದು ನೀಲಿ ಗೆರೆ ಮೂರು ಮಾರು ಉದ್ದವಾದರೆ ಯಾರ ಗಂಟು ಹೋಯಿತು ಎಂದು. ನಾನೂ ಹಾಗೇ ಅಂದುಕೊಂಡಿದ್ದೆ, ಅಂದುಕೊಂಡಿದ್ದೆ ಎನ್ನುವುದಕ್ಕಿಂತ ಅದರ ಬಗ್ಗೆ ಏನನ್ನೂ ಅಂದುಕೊಂಡಿರಲಿಲ್ಲ. ಬೇಸಿಗೆಯಲ್ಲಿ ಎಂಜಿನಿಯರು ಬಂದರು. ಆಗ ನಮ್ಮ ಕಡೆ ಎಲ್ಲ ಹಳ್ಳವೂ ಒಣಗಿದ ಹಳ್ಳವೇ, ಹರಿಯುವುದು ಯಾವುದು ಹರಿಯದ್ದು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಕೈಯಲ್ಲಿ ನಮ್ಮೆಲ್ಲರ ರುಜುವಿದ್ದ ನಕ್ಷೆ, ಜೊತೆಯಲ್ಲಿ ದಾರಿ ತೋರಿಸಲು ಸಮಿತಿಯ ಅಧ್ಯಕ್ಷರಾದ ನಮ್ಮ ಭಾವ. ನಕ್ಷೆಯಲ್ಲಿದ್ದ ಕಡೆ ನೆಲದಲ್ಲೂ ಹಳೆಯ ಹಳ್ಳದ ಗುರುತಿತ್ತು. ಹೂಳು ತುಂಬಿದೆ, ತೆಗೆಸಿದರೆ ಸರಾಗವಾಗಿ ಹರಿಯುತ್ತದೆ ಎಂದು ತೀರ್ಮಾನವಾಯಿತು. ಕ್ರಿಯಾಯೋಜನೆ ಸಿದ್ಧವಾಗಿ ಬಂದಾಗ ಅದರಲ್ಲಿ ಎರಡು ಕೆಲಸ ಇದ್ದವು: ಮರಳಿನ ತಗ್ಗಿನಿಂದ ಕೆರೆಯವರೆಗೆ ಹಳ್ಳವನ್ನು ಆಳ ಮಾಡಿ ನೇರ ಮಾಡುವುದು, ಅದರ ನಡುವೆ, ನಮ್ಮ ಹೊಲದ ಮಗ್ಗುಲಲ್ಲಿ, ಒಂದು ಚೆಕ್ ಡ್ಯಾಮ್ ಕಟ್ಟುವುದು. ಪಂಚಾಯಿತಿಯ ಗೋಡೆಗೆ ಅಂಟಿಸಿದ್ದ ಆ ಹಾಳೆಯನ್ನು ಓದಿ, ಮತ್ತೆ ಮೊದಲಿನಿಂದ ಓದಿದೆ. ಜೆಸಿಬಿ ಬಂದು ನನ್ನ ಗೆರೆಯ ಉದ್ದಕ್ಕೂ ಅಗೆದರೆ ಕುಡುಕನಹಳ್ಳ ಮರಳಿನಲ್ಲಿ ನಿಲ್ಲುವುದಿಲ್ಲ, ಮೊದಲನೆಯ ಸಲ ಎದ್ದು ನಡೆದು ನಮ್ಮ ಹೊಲದ ಹತ್ತಿರ ಬಂದು ನಿಲ್ಲುತ್ತದೆ. ನಮ್ಮ ಬೋರಿನಲ್ಲಿ ನೀರು ಏರುತ್ತದೆ, ಪಾಳ್ಯದ ಬಾವಿ ಎರಡು ಬೇಸಿಗೆಯೊಳಗೆ ಬತ್ತುತ್ತದೆ. ಮುಂದಿನ ವಾರ ಗ್ರಾಮಸಭೆಯಲ್ಲಿ ಕೈ ಎತ್ತಿಸಿ ಅದಕ್ಕೆ ಒಪ್ಪಿಗೆ ಪಡೆಯುವುದಷ್ಟೇ ಬಾಕಿ ಇತ್ತು.

ಅಂದಿನಿಂದ ನನ್ನ ತಲೆಯೊಳಗೆ ಶುರುವಾದ ಗೊಂದಲಕ್ಕೆ ಇಂದಿಗೂ ತುದಿಮೊದಲು ಸಿಕ್ಕಿಲ್ಲ. ಆ ಗೆರೆಯನ್ನು ಎಳೆದದ್ದು ಯಾರು? ನನ್ನ ಬೆರಳು ಎಂಬುದೇನೋ ನಿಜ. ಬಾಯಿ ಬಿಟ್ಟ ಎಳೆ ಎಂದರೆ ಮೈ ಮುಳ್ಳಾಗುವ ಬೆರಳು ಅದು, ತಾಯಿ ಕಲಿಸಿದ ಅಭ್ಯಾಸದಿಂದ ತಾನಾಗಿ ಹೋಗಿ ಕೆರೆಗೆ ಕೂಡಿಸಿತು ಎಂದರೆ ನಂಬುವಂತೆಯೇ ಇದೆ. ಆದರೆ ಕೂಡಿಸಲೇಬೇಕಾಗಿದ್ದರೆ ಪಾಳ್ಯದ ಬಾವಿಯ ನೀಲಿ ಚುಕ್ಕೆ ನಾಲ್ಕೇ ಬೆರಳಿನ ದೂರದಲ್ಲಿತ್ತಲ್ಲ, ಅದಕ್ಕೆ ಕೂಡಿಸಬಹುದಿತ್ತು. ಎಳೆಯೂ ಮುಚ್ಚುತ್ತಿತ್ತು, ನಿಜವೂ ಉಳಿಯುತ್ತಿತ್ತು. ಅಷ್ಟು ಹತ್ತಿರದ್ದನ್ನು ಬಿಟ್ಟು ಅಷ್ಟು ದೂರದ್ದಕ್ಕೆ, ಅದೂ ನಮ್ಮ ಹೊಲದ ಅಂಚಿನಲ್ಲೇ ಹಾದು, ಬೆರಳು ಯಾಕೆ ಹೋಯಿತು? ಕೆರೆ ದೊಡ್ಡದು, ನಕ್ಷೆಗೆ ಅದೇ ಚೆಂದ ಎಂದು ಒಂದು ಮನಸ್ಸು ಹೇಳುತ್ತದೆ. ಹೌದೌದು, ಚೆಂದವೆಲ್ಲ ನಿಮ್ಮ ಹೊಲದ ಕಡೆಗೇ ಹರಿಯುತ್ತದೆ ಎಂದು ಇನ್ನೊಂದು ಮನಸ್ಸು ನಗುತ್ತದೆ. ಮಕ್ಕಳು ತಪ್ಪು ಮಾಡಿ ಸಿಕ್ಕಿಬಿದ್ದಾಗ ಗೊತ್ತಾಗಲಿಲ್ಲ ಮಿಸ್ ಎನ್ನುತ್ತವೆ, ಗೊತ್ತಿಲ್ಲದೆ ಹೇಗೆ ಮಾಡಿದೆ ಎಂದು ನಾನು ಗದರಿಸುತ್ತ ಬಂದಿದ್ದೇನೆ. ಈಗ ಆ ಮಕ್ಕಳ ಸಾಲಿನಲ್ಲಿ ನಾನೂ ಕೈಕಟ್ಟಿ ನಿಂತಿದ್ದೆ.

ಎರಡನೆಯ ಗೊಂದಲ ಇದಕ್ಕಿಂತ ದೊಡ್ಡದು. ತಪ್ಪು ನನ್ನೊಬ್ಬಳದೇ ಆಗಿದ್ದರೆ ಅಳಿಸಲು ಅಂಗಳದಲ್ಲಿ ಅಷ್ಟು ಜನ ಇದ್ದರಲ್ಲ. ಒಬ್ಬರಾದರೂ ಬಗ್ಗಿ ಕೈಯಾಡಿಸಲಿಲ್ಲ ಏಕೆ? ಶಾಲೆಗೆ ಒಂದು ಮಧ್ಯಾಹ್ನ ಶಬಾನಾ ಬಂದಾಗ, ವಿಷಯವನ್ನು ಅವಳಿಗೆ ಪೂರ್ತಿ ಹೇಳುವ ಧೈರ್ಯವಾಗದೆ, ಜನ ತಮ್ಮ ಅಭಿಪ್ರಾಯ ಹೇಳುವುದು ಕಡಿಮೆ ಅಲ್ಲವೇ ಎಂದು ಎಲ್ಲಿಂದಲೋ ಸುತ್ತಿಕೊಂಡು ಬಂದೆ. ಅವಳು ಚುರುಕು, ಅರ್ಧ ಅರ್ಥಮಾಡಿಕೊಂಡಳು.

"ಎಲ್ಲಾ ಊರಲ್ಲೂ ಹೀಗೇ ಮೇಡಂ. ಎಲ್ಲರೂ ಒಪ್ಪಿದ್ರು ಅಂತ ನಾನು ಬರೀತೀನಿ. ಒಪ್ಪಿದ್ರೋ, ಸುಮ್ಮನಿದ್ರೋ, ಅದನ್ನ ಬರೆಯೋಕೆ ನನ್ನ ಫಾರಂನಲ್ಲಿ ಜಾಗ ಇಲ್ಲ," ಎಂದಳು. ಆಮೇಲೆ, "ಅರಗು ಹಚ್ಚಿದ ಮೇಲೆ ಮರದ ಬಿರುಕು ಕಾಣಲ್ಲ, ಅದಕ್ಕೇ ಹಚ್ಚೋಕೆ ಮುಂಚೆನೇ ನೋಡ್ಕೋಬೇಕು ಅಂತಾರೆ ನಮ್ಮ ಅಬ್ಬಾ. ನಿಮಗೆ ಏನಾದ್ರೂ ಕಂಡಿದ್ರೆ ಗ್ರಾಮಸಭೆಗೆ ಮುಂಚೆ ಹೇಳಿ," ಎಂದಳು. ನಾನು ಮಕ್ಕಳ ಹಾಜರಿ ಪುಸ್ತಕವನ್ನು ತೆಗೆದುಕೊಂಡು ಸುಮ್ಮನೆ ಪುಟ ತಿರುವಿದೆ.

ಸಹಕಾರ ಎಂಬ ಮಾತನ್ನು ನಾನು ವರ್ಷಕ್ಕೆ ಎರಡು ಸಲವಾದರೂ ಪಾಠ ಮಾಡುತ್ತೇನೆ. ಯೋಜನೆಯವರು ಶಾಲೆಯ ಗೋಡೆಯ ಮೇಲೆ ಹನಿ ಹನಿ ಗೂಡಿದರೆ ಹಳ್ಳ ಎಂದು ದಪ್ಪ ಅಕ್ಷರದಲ್ಲಿ ಬರೆಸಿಯೂ ಹೋಗಿದ್ದಾರೆ. ಗೂಡಿದ ಹಳ್ಳ ಆಮೇಲೆ ಯಾರ ಹೊಲದ ಕಡೆ ತಿರುಗಬೇಕು ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ, ಅಷ್ಟನ್ನು ನಮ್ಮ ನಮ್ಮ ಜಾಣತನಕ್ಕೆ ಬಿಟ್ಟುಬಿಟ್ಟಿದೆ. ನಮ್ಮೂರಿನಲ್ಲಿ ಸಹಕಾರಕ್ಕೆ ಏನೂ ಕೊರತೆಯಿಲ್ಲ ಎಂದು ನಾನು ಯಾರ ಮುಂದೆಯಾದರೂ ಹೇಳಬಲ್ಲೆ. ಒಬ್ಬರ ರಾಗಿ ಕಣದಲ್ಲಿರುವಾಗ ಮೋಡ ಕವಿದರೆ ಕರೆಯದೆ ಹತ್ತು ಜನ ಓಡಿಬರುತ್ತಾರೆ. ಒಬ್ಬರ ಹಸು ಕರು ಹಾಕಲು ಕಷ್ಟಪಟ್ಟರೆ ಪಕ್ಕದ ಮನೆಯವರು ಊಟ ಬಿಟ್ಟು ಎದ್ದು ಹೋಗುತ್ತಾರೆ. ಆದರೆ ಅದೇ ಜನ ಒಬ್ಬರ ತಪ್ಪನ್ನು ಎದುರಿಗೆ ತಪ್ಪು ಎನ್ನುವುದಿಲ್ಲ, ರಂಗೋಲಿಯನ್ನು ಸುತ್ತಿಕೊಂಡು ಹೋಗುವಂತೆ ಸುತ್ತಿಕೊಂಡು ಹೋಗುತ್ತಾರೆ. ಒಂದೇ ಗುಣದ ಎರಡು ಮುಖ ಇವು ಎಂದು ಒಂದು ದಿನ ಅನ್ನಿಸುತ್ತದೆ, ಇವೆರಡಕ್ಕೂ ಸಂಬಂಧವೇ ಇಲ್ಲ ಎಂದು ಮರುದಿನ ಅನ್ನಿಸುತ್ತದೆ. ಒಬ್ಬರ ತಪ್ಪನ್ನು ಒಬ್ಬರು ಎತ್ತಿ ಆಡಲು ಶುರುಮಾಡಿದರೆ ನಾಳೆ ಕಣಕ್ಕೆ ಓಡಿಬರುವವರು ಇರುತ್ತಾರೆಯೇ ಎಂಬುದೂ ನನಗೆ ಗೊತ್ತಿಲ್ಲ. ನೀವು ಬಲ್ಲವರಾದರೆ ಹೇಳಿ.

ಮನೆಯಲ್ಲಿ ಭಾವನ ಮುಂದೆ ಮಾತು ತೆಗೆದೆ. ನನ್ನ ಗಂಡ ಎಂದಿನಂತೆ ಇಬ್ಬರ ಮುಖವನ್ನೂ ನೋಡಿ ಎಲೆಯಡಿಕೆ ಹಾಕಿಕೊಂಡರು. ಭಾವ ಕೆಟ್ಟವರಲ್ಲ, ಮೊದಲೇ ಹೇಳಿಬಿಡುತ್ತೇನೆ. ತಮ್ಮನ ಹೆಂಡತಿ ಓದಿದವಳು ಎಂದು ಊರ ತುಂಬ ಹೇಳಿಕೊಂಡು ತಿರುಗುವವರು. ಚೆಕ್ ಡ್ಯಾಮ್ ಬರುತ್ತದೆಂದು ಹೊಲದ ಆ ಭಾಗವನ್ನು ಹಿಪ್ಪುನೇರಳೆಗೆ ಹದ ಮಾಡಿಸಿಯೂ ಇದ್ದರು.

"ಅದ್ರಲ್ಲಿ ಸುಳ್ಳೇನೈತಮ್ಮ?" ಎಂದರು. "ಹಿಂದೆ ಹಳ್ಳ ಅರಿತಾ ಇದ್ದುದ್ದು ದಿಟ. ಜೆಸಿಬಿ ಬಂದೋದ್ ಮ್ಯಾಲೆ ನಿನ್ ಗೆರೆನೂ ದಿಟವೇ ಆಯ್ತದೆ. ಊರೆಲ್ಲ ರುಜು ಹಾಕವ್ರೆ. ಈಗ ನೀನೊಬ್ಳು ಎದ್ ನಿಂತ್ರೆ ಊರ್ಗೆ ಬಂದ ಕೆಲ್ಸ ಹಿಂದಕ್ಕೋಯ್ತದೆ, ಅಷ್ಟೇ."

ಈ ಮಾತು ನನ್ನನ್ನು ಬಹಳ ಕಾಡಿತು, ಏಕೆಂದರೆ ಅದರಲ್ಲಿ ತಪ್ಪು ಹುಡುಕುವುದು ಸುಲಭವಾಗಿರಲಿಲ್ಲ. ಇರುವ ನೆಲವನ್ನು ನೋಡಿ ನಕ್ಷೆ ಬರೆಯುವುದು ಲೋಕದ ಪದ್ಧತಿ. ನಮ್ಮಲ್ಲಿ ನಕ್ಷೆಯನ್ನು ನೋಡಿ ನೆಲವನ್ನು ಬರೆಯಲು ಹೊರಟಿದ್ದರು. ಕೆಲಸ ಮುಗಿದ ಮೇಲೆ ಯಾರು ಬಂದು ತಾಳೆ ನೋಡಿದರೂ ಎರಡೂ ಸರಿಹೊಂದುತ್ತವೆ, ನನ್ನ ತಪ್ಪಿಗೆ ಸಾಕ್ಷಿಯೇ ಉಳಿಯುವುದಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುತ್ತಾರಲ್ಲ, ನಾನು ಅಕ್ಷರಶಃ ರಂಗೋಲಿಯ ಕೆಳಗೆ ತೂರಿ ಪಾರಾಗಬಹುದಿತ್ತು. ಆ ವಾರವೆಲ್ಲ ಪುಟ್ಟತಾಯಮ್ಮನನ್ನು ತಪ್ಪಿಸಿಕೊಂಡು ಓಡಾಡಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಎರಡು ಸಲ ಎದುರೇ ಸಿಕ್ಕಿದರು. ಎರಡು ಸಲವೂ ಅವರು ಮಕ್ಕಳು, ಮಳೆ, ಹಸುವಿನ ಕೆಚ್ಚಲು ಬಾವು ಇಷ್ಟನ್ನೇ ಮಾತಾಡಿದರು. ನನ್ನ ಸಂಕಟ ಅವರಿಗೆ ಗೊತ್ತಿಲ್ಲ ಎಂದು ನೆಮ್ಮದಿಯಾಯಿತು, ನೆಮ್ಮದಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಗ್ರಾಮಸಭೆ ನಡೆದದ್ದು ಅದೇ ಶಾಲೆಯ ಅಂಗಳದಲ್ಲಿ, ಬೆಳಗಿನ ಹನ್ನೊಂದರ ಹೊತ್ತಿಗೆ. ಎದ್ದು ನಿಲ್ಲಬೇಕು ಎಂದು ತೀರ್ಮಾನಿಸಿಕೊಂಡು ಹೋಗಿದ್ದೆ ಎಂದು ಬರೆದರೆ ನಿಮಗೆ ನನ್ನ ಮೇಲೆ ಗೌರವ ಬರುತ್ತದೆ, ಆದರೆ ಅದು ನಿಜವಲ್ಲ. ಎದ್ದು ನಿಲ್ಲಬಾರದು ಎಂದೂ ತೀರ್ಮಾನಿಸಿರಲಿಲ್ಲ. ಕ್ರಿಯಾಯೋಜನೆಯನ್ನು ಓದಿದರು, ಒಪ್ಪಿಗೆ ಇರುವವರು ಕೈ ಎತ್ತಿ ಎಂದರು, ಭಾವ ಮೊದಲು ಎತ್ತಿದರು, ಗಂಡಸರ ಕೈಗಳು ಎದ್ದವು, ಹೆಂಗಸರ ಕೈಗಳು ಎದ್ದವು. ನಾನು ಕೂತಲ್ಲಿಂದ ಪಾಳ್ಯದ ಸಾಲು ನೇರ ಕಾಣುತ್ತಿತ್ತು. ಪುಟ್ಟತಾಯಮ್ಮ ಸೆರಗನ್ನು ಸರಿಮಾಡಿಕೊಂಡು, ತಮ್ಮ ಬಾವಿಯ ನೀರನ್ನು ನಮ್ಮ ಹೊಲಕ್ಕೆ ಕಳಿಸುವ ಆ ಯೋಜನೆಗೆ, ನಿಧಾನವಾಗಿ ಕೈ ಎತ್ತಿದರು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಯಾವಾಗ ಎದ್ದೆನೋ ತಿಳಿಯದು, ಎದ್ದಿದ್ದೆ.

"ಆ ಗೆರೆ ತಪ್ಪು," ಎಂದೆ. "ಹಳ್ಳ ಮರಳಲ್ಲೇ ನಿಲ್ಲುತ್ತೆ. ಅಲ್ಲಿಂದ ಪಾಳ್ಯದ ಬಾವಿಗೆ ಹೋಗುತ್ತೆ. ಕೆರೇವರೆಗೂ ಎಳೆದವಳು ನಾನು."

ಆಮೇಲೆ ಗುಡುಗು ಸಿಡಿಲೇನೂ ಆಗಲಿಲ್ಲ. ಅಧಿಕಾರಿಗಳು ಒಬ್ಬರಿಗೊಬ್ಬರು ಮಾತಾಡಿಕೊಂಡರು. ಹಾಗಿದ್ದರೆ ಮಳೆಗಾಲದಲ್ಲಿ ಇನ್ನೊಮ್ಮೆ ನಡೆದು ನೋಡಬೇಕು, ನಕ್ಷೆ ಬೇರೆ ಆಗಬೇಕು, ಈ ಸಲದ ಪಟ್ಟಿಯಿಂದ ನಿಮ್ಮೂರಿನ ಕೆಲಸವನ್ನು ಕೈಬಿಡಬೇಕಾಗುತ್ತದೆ, ಮುಂದಿನದರಲ್ಲಿ ನೋಡೋಣ ಎಂದರು. ಊರಿನವರ ಗೊಣಗಾಟ ಕೇಳಿಸಿತು. ಒಬ್ಬ ಹಿರಿಯರು ಮಾತ್ರ ಎದ್ದು, "ನಾವೆಲ್ಲ ನೋಡ್ತಾನೇ ಕುಂತಿದ್ದೊ, ಆಯಮ್ಮ ಒಬ್ಳೇ ಎಂಗೆ ತಪ್ಪಾಯ್ತಾಳೆ ಬುಡಿ," ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು, ಹೀಗೆ ತಪ್ಪನ್ನು ಎಲ್ಲರ ಮೇಲೂ ಹಂಚಿ ನನ್ನ ಪಾಲನ್ನು ಚಿಕ್ಕದು ಮಾಡಿದರೆ ನಾನು ಏನೆನ್ನಲಿ? ಎಲ್ಲರೂ ಸೇರಿ ತಪ್ಪು ಮಾಡಿದ ಮೇಲೆ ಎಲ್ಲರೂ ಸೇರಿ ಕ್ಷಮಿಸಿಯೂ ಬಿಟ್ಟಿದ್ದರು. ಶಬಾನಾ ತಲೆ ತಗ್ಗಿಸಿ ತನ್ನ ಫಾರಂನ ಅಂಚಿನಲ್ಲಿ, ಜಾಗವಿಲ್ಲದ ಕಡೆಯಲ್ಲಿ, ಏನೋ ಸಣ್ಣದಾಗಿ ಬರೆದುಕೊಳ್ಳುತ್ತಿದ್ದಳು. ಭಾವ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅವರು ನನ್ನೊಡನೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಸಭೆ ಮುಗಿದ ಮೇಲೆ ಪುಟ್ಟತಾಯಮ್ಮ ನನಗಾಗಿ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ಇಬ್ಬರೂ ಪಾಳ್ಯದ ದಾರಿಯಲ್ಲಿ ನಡೆದೆವು. ಕೃತಜ್ಞತೆಯ ಮಾತೇನಾದರೂ ಬರುತ್ತದೆಂದು ನಾನು ಒಳಗೊಳಗೇ ಕಾಯುತ್ತಿದ್ದೆನೇನೋ, ಸುಳ್ಳು ಯಾಕೆ ಹೇಳಲಿ. ಅವರು ನಮ್ಮ ಹೊಲದ ಅಂಚು ಸಿಕ್ಕಿದಾಗ, "ಅವತ್ತೇ ನೋಡ್ದೆ ಕನವ್ವ," ಎಂದರು. "ನೀಲಿ ಪುಡಿ ಮರಳು ದಾಟಿದ್ ಗಳಿಗೇಲೇ ನೋಡ್ದೆ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವ್ ಹಾಕಿದ್ ರಂಗೋಲಿಯ ನಾನೆಂಗವ್ವ ಅಳಸ್ಲಿ."

ಇದು ನನಗೆ ತಿಳಿದಿದ್ದ ಉತ್ತರವೇ. ಆದರೂ ತಡೆಯದೆ ಕೇಳಿದೆ, "ನಾನು ಇವತ್ತೂ ಹೇಳದೇ ಇದ್ದಿದ್ರೆ? ಕೈ ಬೇರೆ ಎತ್ತಿದ್ರಲ್ಲ. ಬಾವಿ ಗತಿ ಏನಾಗ್ತಿತ್ತು?"

ಅವರು ನಿಂತರು. ಮುಖದಲ್ಲಿ ಕೋಪವಾಗಲಿ ಕೊಂಕಾಗಲಿ ಇರಲಿಲ್ಲ, ನಾನು ಚೆನ್ನಾಗಿ ನೋಡಿದೆ.

"ಬತ್ತೋಗೋದು," ಎಂದರು. "ನೀರ್ಗೆ ನಿಮ್ ಬೋರ್ ತಾವ್ಕೇ ಬರ್ತಿದ್ದೊ. ಬ್ಯಾಡ ಅಂತಿದ್ರಾ?"

ಛೆ, ಎಲ್ಲಾದರೂ ಉಂಟೇ ಎನ್ನಲು ಹೊರಟವಳು ನಮ್ಮ ಬೋರಿನ ಕಡೆ ನೋಡಿದೆ. ಎರಡು ಬೇಸಿಗೆಯ ಹಿಂದೆ ಪಾಳ್ಯದವರು ಬಾವಿಯ ಕೆಸರೆತ್ತಿಸುತ್ತಿದ್ದ ನಾಲ್ಕು ದಿನ, ಬಿಂದಿಗೆ ಹಿಡಿದು ಹೆಂಗಸರು ನಮ್ಮ ಬೋರಿನ ಹತ್ತಿರ ಬಂದಿದ್ದರು. ಹೊಲದಲ್ಲಿ ಆಗ ಟೊಮ್ಯಾಟೊ ಕಾಯಿ ಕಟ್ಟಿತ್ತು, ಕರೆಂಟು ಇರುತ್ತಿದ್ದುದೇ ಮೂರು ಗಂಟೆ. ಮೋಟಾರು ಸುಟ್ಟುಹೋಗಿದೆ ಎಂದು ಹೇಳಿದ್ದು ಭಾವ ಅಲ್ಲ, ನಾನು. ಸಾಲಿನ ಮೊದಲಲ್ಲಿ ನಿಂತಿದ್ದವರು ಪುಟ್ಟತಾಯಮ್ಮ. ಆಗಲಿ ಬುಡಿ ಎಂದು ಖಾಲಿ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಎಲ್ಲರನ್ನೂ ಕರೆದುಕೊಂಡು ಹೋದರು. ಅವರು ಪಾಳ್ಯ ಸೇರುವಷ್ಟು ಹೊತ್ತು ಕಾದು ನಾನು ಸ್ವಿಚ್ ಹಾಕಿದ್ದೆ. ಆ ಮೋಟಾರಿನ ಸದ್ದು ಪಾಳ್ಯದವರೆಗೂ ಕೇಳುತ್ತದೆ.